ಬುದ್ಧಿ ಹಲ್ಲು ಕೀಳಿಸಿದ ಮೇಲೆ: ಮೊದಲ ಹತ್ತು ದಿನಗಳ ಆರೈಕೆ

ಬುದ್ಧಿ ಹಲ್ಲಿನ ವಿಷಯದಲ್ಲಿ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ನಿನ್ನೆ ಕೀಳಿಸಿದೆ, ಉಗುಳಿದಾಗಲೆಲ್ಲ ರಕ್ತ ಬರುತ್ತಿದೆ, ಏನು ಮಾಡಲಿ?" "ಕೆನ್ನೆ ಊದಿದೆ, ಬಿಸಿ ಶಾಖ ಕೊಡಬಹುದೇ?" "ಎರಡು ದಿನ ಚೆನ್ನಾಗಿದ್ದೆ, ಈಗ ನಾಲ್ಕನೇ ದಿನ ನೋವು ಕಿವಿಯವರೆಗೂ ಎಳೆಯುತ್ತಿದೆ, ಇದು ಸಹಜವೇ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೆಡೆ ಇಡುವುದು ಒಳ್ಳೆಯದು ಎನ್ನಿಸಿತು.

ನನ್ನ ಕೆಳದವಡೆಯ ಎರಡು ಬುದ್ಧಿ ಹಲ್ಲುಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಕೀಳಿಸಿಕೊಂಡಿದ್ದೇನೆ. ಎರಡೂ ಒಂದೇ ರೀತಿ ಅಡ್ಡ ಬೆಳೆದಿದ್ದವು. ಮೊದಲ ಸಲ ಹತ್ತು ದಿನ ನರಳಿದೆ. ಎರಡನೆಯ ಸಲ ನಾಲ್ಕನೇ ದಿನ ಕೆಲಸಕ್ಕೆ ಹೋದೆ. ಅದೃಷ್ಟದ ಪಾಲೂ ಇದ್ದಿರಬಹುದು. ಆದರೆ ಮನೆಗೆ ಬಂದ ಮೇಲೆ ನಾನು ಏನು ಮಾಡಿದೆ, ಏನು ಮಾಡಲಿಲ್ಲ ಎಂಬುದರಲ್ಲಿ ದೊಡ್ಡ ವ್ಯತ್ಯಾಸವಿತ್ತು.

ಮೊದಲು ಒಂದು ಮೂಲ ವಿಷಯ. ಹಲ್ಲು ಕಿತ್ತ ಜಾಗದಲ್ಲಿ ಮೂಳೆಯೊಳಗೆ ಒಂದು ಗುಳಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕೆಳಗಿನ ಮೂಳೆಯನ್ನೂ ನರದ ತುದಿಗಳನ್ನೂ ಮುಚ್ಚುತ್ತದೆ, ಹೊಸ ಮಾಂಸ ಬೆಳೆಯಲು ಹಾಸಾಗುತ್ತದೆ. ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಬೆಳಗಾಗುವವರೆಗೆ ಯಾರೂ ಅಲ್ಲಾಡಿಸುವುದಿಲ್ಲ, ಬೆರಳಿಟ್ಟು ನೋಡುವುದಿಲ್ಲ. ಈ ಗುಳಿಯನ್ನೂ ಹಾಗೆಯೇ ಬಿಡಬೇಕು. ಮುಂದೆ ಬರುವ ನಿಯಮಗಳಲ್ಲಿ ಮುಕ್ಕಾಲು ಪಾಲು ಈ ಹೆಪ್ಪನ್ನು ಕಾಪಾಡುವುದಕ್ಕಾಗಿಯೇ ಇರುವಂಥವು.

ಇಲ್ಲಿರುವುದು ಬೇರೆ ಕಾಯಿಲೆಗಳಿಲ್ಲದ ವಯಸ್ಕರಿಗೆ ಅನ್ವಯಿಸುವ ಮಾತು. ನಿಮ್ಮ ಹಲ್ಲನ್ನು ಕಿತ್ತ ವೈದ್ಯರು ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ಕೇಳಿ. ನಿಮ್ಮ ಎಕ್ಸ್-ರೇ ನೋಡಿರುವವರು ಅವರು.

ಹಂತ 1: ಕೀಳಿಸುವ ಮುನ್ನ

ದಿನವನ್ನು ಯೋಚಿಸಿ ಆರಿಸಿಕೊಳ್ಳಿ. ಮನೆಯಲ್ಲಿ ಮದುವೆ, ಪರೀಕ್ಷೆ, ದೂರದ ಪ್ರಯಾಣ ಇರುವ ವಾರ ಬೇಡ. ಏಕಾದಶಿ, ರಂಜಾನ್ ಮುಂತಾದ ಉಪವಾಸದ ದಿನಗಳೂ ಬೇಡ. ನೋವಿನ ಮಾತ್ರೆಗಳಲ್ಲಿ ಹೆಚ್ಚಿನವನ್ನು ಖಾಲಿ ಹೊಟ್ಟೆಯಲ್ಲಿ ನುಂಗುವಂತಿಲ್ಲ. ರಜೆಗೆ ಊರಿಗೆ ಬಂದು ಹಲ್ಲಿನ ಕೆಲಸ ಮುಗಿಸಿಕೊಂಡು ಹೋಗುವ ಹೊರದೇಶದ ಕನ್ನಡಿಗರು ಇದನ್ನು ರಜೆಯ ಕೊನೆಯ ವಾರಕ್ಕೆ ಇಡುತ್ತಾರೆ. ಅದು ತಪ್ಪು. ತೊಂದರೆಗಳು ಕಾಣಿಸಿಕೊಳ್ಳುವುದು ಮೂರನೇ ದಿನದಿಂದ ಒಂದು ವಾರದೊಳಗೆ. ಆಗ ನೀವು ವಿಮಾನದಲ್ಲಿರಬಾರದು, ಕಿತ್ತ ವೈದ್ಯರ ಊರಿನಲ್ಲೇ ಇರಬೇಕು. ವಿಮಾನ ಹತ್ತುವುದಕ್ಕೆ ಹತ್ತು ದಿನವಾದರೂ ಅಂತರವಿರಲಿ.

ವೈದ್ಯರಿಗೆ ಮುಚ್ಚಿಡದೆ ಹೇಳಬೇಕಾದ ಸಂಗತಿಗಳಿವೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ, ಗರ್ಭ ಧರಿಸಿರುವುದು, ಯಾವುದಾದರೂ ಔಷಧದ ಅಲರ್ಜಿ. ಹೃದಯದ ತೊಂದರೆಗೆ ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಆದರೆ ನೀವಾಗಿಯೇ ಆ ಮಾತ್ರೆಯನ್ನು ನಿಲ್ಲಿಸಬೇಡಿ. ಹಲ್ಲಿನ ರಕ್ತಸ್ರಾವವನ್ನು ಒತ್ತಿ ನಿಲ್ಲಿಸಬಹುದು, ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ಅದು ಪ್ರಾಣಕ್ಕೇ ಅಪಾಯ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮಹಿಳೆಯರಿಗೆ ಗುಳಿಯ ಹೆಪ್ಪು ಕಳಚಿಹೋಗುವ ಸಂಭವ ಸ್ವಲ್ಪ ಹೆಚ್ಚು. ಅದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ.

ಮೂಳೆಯೊಳಗೆ ಹೂತಿರುವ ಹಲ್ಲಾದರೆ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಿನ ಶಿಕ್ಷಣ ಪಡೆದವರಿಂದ ತೆಗೆಸುವುದು ಮೇಲು. ಖಾಸಗಿ ಖರ್ಚು ಕೈಮೀರಿದ್ದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜನ್ನೋ, ಮಣಿಪಾಲ, ದಾವಣಗೆರೆ, ಧಾರವಾಡ, ಮೈಸೂರು, ಮಂಗಳೂರು, ಬೆಳಗಾವಿಯ ದಂತ ಕಾಲೇಜುಗಳನ್ನೋ ವಿಚಾರಿಸಿ. ಅಲ್ಲೆಲ್ಲ ಇದಕ್ಕಾಗಿಯೇ ವಿಭಾಗವಿರುತ್ತದೆ.

ಮನೆಯಲ್ಲಿ ಮೊದಲೇ ತಂದಿಡಬೇಕಾದವು: ವೈದ್ಯರು ಬರೆದ ಮಾತ್ರೆಗಳು, ಹೆಚ್ಚುವರಿ ಗಾಜ್ ಬಟ್ಟೆ (ಗಾಯಕ್ಕೆ ಬಳಸುವ ಶುದ್ಧವಾದ ಬಲೆಯಂತಹ ಹತ್ತಿಬಟ್ಟೆ), ಫ್ರೀಜರಿನಲ್ಲಿ ಐಸು, ಉಪ್ಪು, ಮೆತ್ತನೆಯ ಬ್ರಷ್ಷು, ಇನ್ನೊಂದು ದಿಂಬು. ಮಾತ್ರೆಯನ್ನು ಮರಳುವ ದಾರಿಯಲ್ಲಿ ಕೊಂಡರಾಯಿತು ಎಂದುಕೊಳ್ಳಬೇಡಿ. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಔಷಧ ಅಂಗಡಿಯಲ್ಲಿ ಸಾಲು ನಿಲ್ಲುವುದು ಕಷ್ಟ. ಒಬ್ಬರೇ ಹೋಗಬೇಡಿ, ಮರಳುವಾಗ ನೀವೇ ಬೈಕ್ ಓಡಿಸಬೇಡಿ. ಮಂಪರು ಬರಿಸುವ ಔಷಧ ಕೊಟ್ಟಿದ್ದರೆ ಆ ದಿನ ವಾಹನ ಮುಟ್ಟಲೇಬಾರದು.

ಹಂತ 2: ಮೊದಲ ಒಂದು ಗಂಟೆ

ಕೀಳುವ ಕೆಲಸ ಮುಗಿದೊಡನೆ ಗುಳಿಯ ಮೇಲೆ ಗಾಜ್ ಮಡಿಕೆಯಿಟ್ಟು ಕಚ್ಚಿ ಹಿಡಿಯಲು ಹೇಳುತ್ತಾರೆ. 30ರಿಂದ 60 ನಿಮಿಷ ಗಟ್ಟಿಯಾಗಿ, ಒಂದೇ ಸಮನೆ ಕಚ್ಚಿ ಹಿಡಿಯಿರಿ. ಐದೈದು ನಿಮಿಷಕ್ಕೊಮ್ಮೆ ತೆಗೆದು ರಕ್ತ ನಿಂತಿತೇ ಎಂದು ನೋಡಬೇಡಿ. ಪ್ರತಿ ಸಲ ತೆಗೆದಾಗಲೂ ಆಗತಾನೇ ಕಟ್ಟುತ್ತಿರುವ ಹೆಪ್ಪು ಬಟ್ಟೆಯ ಜೊತೆ ಕಿತ್ತುಬರುತ್ತದೆ. ಮಾತನಾಡಬೇಡಿ. ಫೋನಿಗೆ ಮನೆಯವರು ಉತ್ತರಿಸಲಿ.

ಉಗುಳಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಬಾಯಿತುಂಬ ರಕ್ತ ಮಿಶ್ರಿತ ಎಂಜಲು ನಿಂತಾಗ ಅಸಹ್ಯವಾಗುತ್ತದೆ, ನಿಜ. ಆದರೆ ಉಗುಳುವಾಗ ಬಾಯೊಳಗೆ ಉಂಟಾಗುವ ಸೆಳೆತವೇ ಹೆಪ್ಪನ್ನು ಕೀಳುತ್ತದೆ, ಮತ್ತೆ ರಕ್ತ ಬರುತ್ತದೆ, ಮತ್ತೆ ಉಗುಳುತ್ತೀರಿ. ಎಂಜಲನ್ನು ನುಂಗಿಬಿಡಿ, ಇಲ್ಲವೇ ತಲೆ ಬಗ್ಗಿಸಿ ಬಾಯಿ ತೆರೆದು ತಾನಾಗಿ ಜಾರಿ ಬೀಳಲು ಬಿಡಿ. ನಾಲ್ಕು ಹನಿ ರಕ್ತ ಎಂಜಲಿನಲ್ಲಿ ಕಲಸಿದರೆ ಬಟ್ಟಲು ರಕ್ತದಂತೆ ಕಾಣುತ್ತದೆ. ಮೊದಲ 24 ಗಂಟೆಯವರೆಗೆ ಎಂಜಲು ಗುಲಾಬಿ ಬಣ್ಣದಲ್ಲಿರುವುದು ಸಹಜ.

ಒಂದು ಗಂಟೆಯ ಮೇಲೂ ಕೆಂಪು ರಕ್ತ ಜಿನುಗುತ್ತಿದ್ದರೆ ಹೊಸ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಸರಿಯಾಗಿ ಗುಳಿಯ ಮೇಲೆಯೇ ಇಟ್ಟು ಇನ್ನರ್ಧ ಗಂಟೆ ಕಚ್ಚಿ ಹಿಡಿಯಿರಿ. ಎಷ್ಟೋ ಸಲ ಬಟ್ಟೆ ಪಕ್ಕದ ಹಲ್ಲಿನ ಮೇಲೆ ಕುಳಿತಿರುತ್ತದೆ, ಗುಳಿಗೆ ಒತ್ತಡವೇ ಬಿದ್ದಿರುವುದಿಲ್ಲ. ಗಾಜ್ ಮುಗಿದಿದ್ದರೆ ಒದ್ದೆ ಮಾಡಿ ತಣ್ಣಗಾಗಿಸಿದ ಟೀ ಬ್ಯಾಗನ್ನು ಕಚ್ಚಬಹುದು. ಚಹಾದ ಒಗರು ರಕ್ತ ನಿಲ್ಲಲು ನೆರವಾಗುತ್ತದೆ. ಹೀಗೆ ಎರಡು ಸಲ ಮಾಡಿದ ಮೇಲೂ ನಿಲ್ಲದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಹಂತ 3: ಮರಗಟ್ಟಿದ್ದು ಬಿಡುವ ಮೊದಲೇ ಮಾತ್ರೆ

ಈ ಭಾಗವನ್ನು ನಿಧಾನವಾಗಿ ಓದಿ. ನೋವಿನ ಮಾತ್ರೆಗಳ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಜನರಿದ್ದಾರೆ. ಒಬ್ಬರು ತಡೆದುಕೊಳ್ಳುವಷ್ಟು ತಡೆದುಕೊಂಡು ಕೊನೆಗೆ ನುಂಗುತ್ತಾರೆ. ಇನ್ನೊಬ್ಬರು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದರ ಮೇಲೊಂದು ನುಂಗುತ್ತಾರೆ. ಎರಡೂ ದಾರಿ ತಪ್ಪು.

ಮರಗಟ್ಟಿಸುವ ಇಂಜೆಕ್ಷನ್ನಿನ ಪ್ರಭಾವ ಸಾಮಾನ್ಯವಾಗಿ ಎರಡರಿಂದ ಐದು ಗಂಟೆ ಇರುತ್ತದೆ. ತುಟಿ ಜುಮ್ಮೆನ್ನುತ್ತಾ ಮರಳಿ ಎಚ್ಚರವಾಗತೊಡಗಿದಾಗ ನೋವು ಒಮ್ಮೆಗೇ ಎದ್ದು ನಿಲ್ಲುತ್ತದೆ. ಮಾತ್ರೆ ಕೆಲಸ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದ್ದರಿಂದ ರಕ್ತ ನಿಂತು ಗಾಜ್ ತೆಗೆದ ಕೂಡಲೇ, ಇನ್ನೂ ಮರಗಟ್ಟಿರುವಾಗಲೇ, ಒಂದು ಲೋಟ ತಣ್ಣನೆಯ ಹಾಲನ್ನೋ ಮಜ್ಜಿಗೆಯನ್ನೋ ಕುಡಿದು ಮೊದಲ ಮಾತ್ರೆ ನುಂಗಿ. ಮೊದಲ ಎರಡು ಮೂರು ದಿನ ವೈದ್ಯರು ಹೇಳಿದ ಗಂಟೆಗೆ ಸರಿಯಾಗಿ ತೆಗೆದುಕೊಳ್ಳಿ, ನೋವು ಬಂದ ಮೇಲೆ ನೋಡೋಣ ಎಂದು ಕಾಯಬೇಡಿ. ಏರಿದ ನೋವನ್ನು ಇಳಿಸುವುದಕ್ಕಿಂತ ಏರದಂತೆ ತಡೆಯುವುದು ಸುಲಭ.

ಯಾವ ಮಾತ್ರೆ? ಹೊಸ ನೋವು ನಿವಾರಕಗಳನ್ನು ಜಗತ್ತಿನಾದ್ಯಂತ ಪರೀಕ್ಷಿಸಲು ಸಂಶೋಧಕರು ಹೆಚ್ಚಾಗಿ ಆರಿಸಿಕೊಳ್ಳುವುದು ಬುದ್ಧಿ ಹಲ್ಲು ಕೀಳಿಸಿಕೊಂಡವರನ್ನೇ. ಹಾಗಾಗಿ ಬೇರೆ ಯಾವ ನೋವಿಗಿಂತಲೂ ಈ ನೋವಿಗೆ ಯಾವ ಔಷಧ ಎಷ್ಟು ಕೆಲಸ ಮಾಡುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತಿದೆ. ಊತವನ್ನೂ ನೋವನ್ನೂ ಒಟ್ಟಿಗೆ ತಗ್ಗಿಸುವ ಐಬುಪ್ರೊಫೆನ್‌ನಂತಹ ಮಾತ್ರೆ ಬರಿಯ ಪ್ಯಾರಾಸಿಟಮಾಲ್‌ಗಿಂತ ಇಲ್ಲಿ ಹೆಚ್ಚು ಪರಿಣಾಮಕಾರಿ. ಎರಡನ್ನೂ ಸೇರಿಸಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಅವು ಕೆಲಸ ಮಾಡುವ ದಾರಿಗಳು ಬೇರೆ ಬೇರೆ. ಹಲ್ಲಿನ ತೀವ್ರ ನೋವಿಗೆ ಮೊದಲ ಆಯ್ಕೆ ಇವೇ ಎಂದು ಅಮೆರಿಕದ ದಂತವೈದ್ಯರ ಸಂಘ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಲ್ಲಿರುವ ಕನ್ನಡಿಗರಿಗೆ ಅಫೀಮು ವರ್ಗದ ಪ್ರಬಲ ಮಾತ್ರೆ ಬರೆದುಕೊಟ್ಟರೆ ಈ ಎರಡರಲ್ಲೇ ನಿಭಾಯಿಸಬಹುದೇ ಎಂದು ಕೇಳಲು ಹಿಂಜರಿಯಬೇಡಿ.

ವಯಸ್ಕರಿಗೆ ಸಾಮಾನ್ಯವಾಗಿ ಬರೆಯುವ ಪ್ರಮಾಣ ಐಬುಪ್ರೊಫೆನ್ 400 ಮಿಲಿಗ್ರಾಂ, 6ರಿಂದ 8 ಗಂಟೆಗೊಮ್ಮೆ, ಏನಾದರೂ ತಿಂದ ಮೇಲೆ. ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ, 6 ಗಂಟೆಗೊಮ್ಮೆ. ಪ್ಯಾರಾಸಿಟಮಾಲ್ ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು. ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ಮದ್ಯಪಾನದ ಅಭ್ಯಾಸವಿರುವವರಿಗೆ ಮಿತಿ ಇದಕ್ಕಿಂತ ಕಡಿಮೆ.

ನಮ್ಮ ಔಷಧ ಅಂಗಡಿಗಳಲ್ಲಿ ಸಿಗುವ ಎಷ್ಟೋ ಮಾತ್ರೆಗಳು ಮಿಶ್ರಣಗಳು. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325 ಇದೆ. ಜೆರೊಡಾಲ್-ಪಿ ಎಂಬುದು ಅಸಿಕ್ಲೋಫೆನಾಕ್ 100 ಮತ್ತು ಪ್ಯಾರಾಸಿಟಮಾಲ್ 325. ಡೋಲೋ 650 ಪೂರ್ತಿ ಪ್ಯಾರಾಸಿಟಮಾಲ್. ಕೀಟೋರಾಲ್-ಡಿಟಿ ನೀರಲ್ಲಿ ಕರಗಿಸಿ ಕುಡಿಯುವ ಕೀಟೋರೊಲಾಕ್. ಇವುಗಳಲ್ಲಿ ಐಬುಪ್ರೊಫೆನ್, ಅಸಿಕ್ಲೋಫೆನಾಕ್, ಕೀಟೋರೊಲಾಕ್ ಮೂರೂ ಒಂದೇ ಕುಲದವು. ವೈದ್ಯರು ಜೆರೊಡಾಲ್ ಬರೆದಿರುವಾಗ ನೋವು ತಡೆಯದೆ ಮನೆಯ ಡಬ್ಬಿಯಿಂದ ಕಾಂಬಿಫ್ಲಾಮ್ ತೆಗೆದು ನುಂಗಿದರೆ ಒಂದೇ ಕುಲದ ಎರಡು ಔಷಧ ಸೇರುತ್ತವೆ. ನೋವು ಹೆಚ್ಚೇನೂ ಇಳಿಯುವುದಿಲ್ಲ, ಹೊಟ್ಟೆಯ ಒಳಪದರಕ್ಕೂ ಮೂತ್ರಪಿಂಡಕ್ಕೂ ಬೀಳುವ ಪೆಟ್ಟು ಹೆಚ್ಚುತ್ತದೆ. ಆದ್ದರಿಂದ ಈ ಕುಲದ್ದು ಒಂದು ಸಲಕ್ಕೆ ಒಂದೇ. ಹೆಚ್ಚುವರಿ ಬೇಕೆನಿಸಿದರೆ ಸೇರಿಸಬಹುದಾದದ್ದು ಪ್ಯಾರಾಸಿಟಮಾಲ್ ಮಾತ್ರ, ಅದೂ ಮಿಶ್ರಣದಲ್ಲಿ ಆಗಲೇ ಇರುವ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದು. ಕೀಟೋರೊಲಾಕ್ ಅನ್ನು 5 ದಿನ ಮೀರಿ ತೆಗೆದುಕೊಳ್ಳುವಂತಿಲ್ಲ. ಯಾವ ಮಾತ್ರೆ, ಎಷ್ಟು ಗಂಟೆಗೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಿದ್ದೆಗೆಟ್ಟ ರಾತ್ರಿ ಎರಡು ಗಂಟೆಗೆ ನೆನಪನ್ನು ನಂಬಲಾಗದು.

ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಈ ಮಾತ್ರೆಗಳಿಂದ ಅಸ್ತಮಾ ಕೆರಳುವ ಇತಿಹಾಸ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಐಬುಪ್ರೊಫೆನ್ ಕುಲದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಳೆಗಾಲದಲ್ಲಿ ಊರಲ್ಲಿ ಡೆಂಗಿ ಹರಡಿರುವಾಗ ಹಲ್ಲು ಕೀಳಿಸಿಕೊಂಡು ಜೋರು ಜ್ವರ, ಮೈಕೈ ನೋವು ಬಂದರೆ ಈ ಮಾತ್ರೆಗಳನ್ನು ನಿಲ್ಲಿಸಿ, ರಕ್ತಪರೀಕ್ಷೆ ಮಾಡಿಸಿ. ಡೆಂಗಿಯಲ್ಲಿ ಅವು ರಕ್ತಸ್ರಾವಕ್ಕೆ ದಾರಿಮಾಡುತ್ತವೆ. ನೋವಿಗೆಂದು ಡಿಸ್ಪ್ರಿನ್ ಕೂಡ ಬೇಡ, ಅದರಲ್ಲಿರುವ ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ.

ಆ್ಯಂಟಿಬಯೋಟಿಕ್ ಬರೆದಿದ್ದರೆ ಹೇಳಿದಷ್ಟು ದಿನ ಪೂರ್ತಿ ಮುಗಿಸಿ. ಬರೆಯದಿದ್ದರೆ ನೀವಾಗಿ ಕೊಳ್ಳಬೇಡಿ. ಅವು ನೋವಿನ ಮಾತ್ರೆಗಳಲ್ಲ. ಮೆಟ್ರೊನಿಡಜೋಲ್ ಕೊಟ್ಟಿದ್ದರೆ ಮದ್ಯ ಪೂರ್ತಿ ನಿಷಿದ್ಧ, ಮಾತ್ರೆ ಮುಗಿದ ಮೇಲೂ ಮೂರು ದಿನ.

ಹಂತ 4: ಮೊದಲ ದಿನ, ಮೊದಲ ರಾತ್ರಿ

ಕೆನ್ನೆಯ ಮೇಲೆ ಐಸು, ಬಿಸಿ ಅಲ್ಲ. ಹಲ್ಲುನೋವು ಎಂದರೆ ಬಟ್ಟೆ ಬಿಸಿ ಮಾಡಿ ಶಾಖ ಕೊಡುವುದು ನಮ್ಮ ಮನೆಗಳ ರೂಢಿ, ಅಜ್ಜಿ ಪ್ರೀತಿಯಿಂದಲೇ ಕೊಡಲು ಬರುತ್ತಾರೆ. ಮೊದಲ ಎರಡು ದಿನ ಬಿಸಿ ತಾಗಿದರೆ ರಕ್ತನಾಳಗಳು ಅಗಲವಾಗಿ ರಕ್ತಸ್ರಾವವೂ ಊತವೂ ಹೆಚ್ಚುತ್ತವೆ. ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ, ಮತ್ತೆ ಇಡಿ. ಬರಿಯ ಐಸನ್ನು ಚರ್ಮಕ್ಕೆ ಒತ್ತಬೇಡಿ. ಎರಡು ದಿನ ಕಳೆದ ಮೇಲೆ ಐಸಿನ ಕೆಲಸ ಮುಗಿಯಿತು, ಆಗ ಬೆಚ್ಚನೆಯ ಬಟ್ಟೆ ಬಿಗಿದ ದವಡೆಗೆ ಹಿತವಾಗುತ್ತದೆ.

ಈ ದಿನ ಬಾಯಿ ಮುಕ್ಕಳಿಸಬೇಡಿ, ಉಪ್ಪುನೀರೂ ಬೇಡ. ಭಾರ ಎತ್ತುವುದು, ಜಿಮ್, ಬಗ್ಗಿ ಮಾಡುವ ಕೆಲಸ ಬೇಡ. ಕಪಾಲಭಾತಿ, ಭಸ್ತ್ರಿಕಾದಂತಹ ರಭಸದ ಪ್ರಾಣಾಯಾಮವನ್ನು ಒಂದು ವಾರ ಬಿಡಿ. ಕೊಳಲು, ನಾದಸ್ವರ ನುಡಿಸುವವರು, ಶಂಖ ಊದುವವರು ಮತ್ತೆ ಯಾವಾಗ ಶುರುಮಾಡಬಹುದೆಂದು ವೈದ್ಯರನ್ನು ಕೇಳಿಯೇ ಶುರುಮಾಡಿ. ಮೇಲ್ದವಡೆಯ ಹಲ್ಲಿನ ಬೇರುಗಳು ಮೇಲ್ದವಡೆಯ ಮೂಳೆಯೊಳಗಿನ ಸೈನಸ್ ಎಂಬ ಗಾಳಿಗೂಡಿಗೆ ತೀರ ಹತ್ತಿರ ಇರುತ್ತವೆ. ಅಲ್ಲಿ ಕೀಳಿಸಿದ್ದರೆ ಮೂಗನ್ನು ಜೋರಾಗಿ ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಕುಡಿದ ನೀರು ಮೂಗಿನಲ್ಲಿ ಬಂದರೆ ತಡಮಾಡದೆ ವೈದ್ಯರಿಗೆ ಹೇಳಿ.

ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆ ಯಾವುದೂ ಬೇಡ. ಎಳೆಯುವ ರಭಸಕ್ಕೆ ಹೆಪ್ಪು ಕಳಚುತ್ತದೆ, ತಂಬಾಕು ಗುಳಿಗೆ ಹರಿಯಬೇಕಾದ ರಕ್ತವನ್ನು ತಗ್ಗಿಸುತ್ತದೆ, ಅಡಿಕೆಯ ಚೂರು ಗುಳಿಯೊಳಗೆ ಸೇರುತ್ತದೆ. ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ದೂರವಿರಿ. ಇಷ್ಟು ದಿನ ಬಿಟ್ಟಿರಲು ಆದರೆ ಮತ್ತೆ ಮುಟ್ಟದಿರಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ.

ಮಲಗುವಾಗ ಎರಡು ದಿಂಬಿಟ್ಟು ತಲೆ ಎತ್ತರದಲ್ಲಿರಲಿ. ಚಪ್ಪಟೆ ಮಲಗಿದರೆ ನೋವು ಮಿಡಿಯುತ್ತದೆ, ಊತವೂ ಹೆಚ್ಚು. ದಿಂಬಿನ ಮೇಲೆ ಹಳೆಯ ಟವೆಲ್ ಹಾಸಿ, ರಾತ್ರಿ ಸ್ವಲ್ಪ ಕೆಂಪು ಎಂಜಲು ಸೋರಬಹುದು.

ಹಂತ 5: ಊಟ

ಮರಗಟ್ಟಿದ್ದು ಪೂರ್ತಿ ಬಿಡುವವರೆಗೆ ಅಗಿಯುವ ಯಾವುದನ್ನೂ ತಿನ್ನಬೇಡಿ. ಕೆನ್ನೆ, ನಾಲಿಗೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಆಮೇಲೆ ಮೊದಲ ದಿನಕ್ಕೆ ತಣ್ಣನೆಯ, ಮೆತ್ತನೆಯ, ಖಾರವಿಲ್ಲದ ಆಹಾರ. ಅದೃಷ್ಟಕ್ಕೆ ನಮ್ಮ ಅಡುಗೆಮನೆಯಲ್ಲಿ ಅಂಥದ್ದು ಬೇಕಾದಷ್ಟಿದೆ. ಆರಿಸಿದ ರಾಗಿ ಅಂಬಲಿ ಮಜ್ಜಿಗೆಯೊಂದಿಗೆ, ರವೆ ಗಂಜಿ, ನುಣ್ಣಗೆ ಕಿವುಚಿದ ಮೊಸರನ್ನ, ಹೆಸರುಬೇಳೆಯ ಕಟ್ಟು, ಕಿವುಚಿದ ಬಾಳೆಹಣ್ಣು, ಬೀಜಗಳಿಲ್ಲದ ಐಸ್‌ಕ್ರೀಮ್. ಕರಾವಳಿಯವರು ಕುಚ್ಚಲಕ್ಕಿ ಗಂಜಿಯನ್ನು ಮೊದಲ ಎರಡು ದಿನ ಮಿಕ್ಸಿಯಲ್ಲಿ ತಿರುವಿ ಕುಡಿಯಿರಿ, ದಪ್ಪ ಅಗುಳು ಗುಳಿಯಲ್ಲಿ ಕೂರುತ್ತದೆ. ಉತ್ತರ ಕರ್ನಾಟಕದವರಿಗೆ ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಮಜ್ಜಿಗೆಯಲ್ಲಿ ಕಲಸಿದರೆ ಮೂರನೇ ದಿನಕ್ಕೆ ಒಳ್ಳೆಯ ಊಟ. ರೊಟ್ಟಿ ಒಂದು ವಾರ ಕಾಯಲಿ, ಆಮೇಲೂ ಮೊದಲು ಹಾಲಿನಲ್ಲಿ ನೆನೆಸಿದ ಬಿಸಿ ರೊಟ್ಟಿ, ಕಟಕ್ ರೊಟ್ಟಿ ಇನ್ನೂ ತಡವಾಗಿ.

ರಾಗಿಮುದ್ದೆಯ ಬಗ್ಗೆ ತುಂಬ ಜನ ಕೇಳುತ್ತಾರೆ. ಎರಡನೇ ದಿನದಿಂದ ತಿನ್ನಬಹುದು, ಅದು ಅಗಿಯದೆ ನುಂಗುವ ಊಟವೇ ತಾನೇ. ಎರಡು ಷರತ್ತು: ಉಗುರುಬೆಚ್ಚಗೆ ಆರಿರಬೇಕು, ತುತ್ತು ಚಿಕ್ಕದಾಗಿರಬೇಕು. ಜೊತೆಗೆ ಮೆಣಸಿನಕಾಯಿಯ ಉರಿಯಿಲ್ಲದ ಬೇಳೆಸಾರಿರಲಿ, ಬಸ್ಸಾರು ಮುಂದಿನ ವಾರಕ್ಕೆ.

ಎಳನೀರು ಒಳ್ಳೆಯದೇ, ಆದರೆ ಸ್ಟ್ರಾ ಹಾಕಿ ಹೀರಬೇಡಿ, ಲೋಟಕ್ಕೆ ಬಗ್ಗಿಸಿಕೊಂಡು ಗುಟುಕರಿಸಿ. ಮೊದಲ ಸಲ ನಾನು ಮಾಡಿದ ತಪ್ಪು ಇದು. ಮೂರನೇ ದಿನ ರಸ್ತೆಬದಿಯಲ್ಲಿ ಎಳನೀರಿಗೆ ಸ್ಟ್ರಾ ಹಾಕಿ ಹೀರಿದೆ, ಅಂದು ರಾತ್ರಿಯೇ ನೋವು ಶುರುವಾಯಿತು. ಹೀರುವ ಯಾವ ಪಾನೀಯವೂ ಒಂದು ವಾರ ಬೇಡ.

ಒಗ್ಗರಣೆಯ ಸಾಸಿವೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಗುಳಿಯೊಳಗೆ ಇಳಿದು ಕೂರುವುದು ಅದೇ. ಅಡುಗೆಯವರಿಗೆ ಹೇಳಿ ಒಂದು ವಾರ ಒಗ್ಗರಣೆ ಬೇಡವೆನ್ನಿ. ಎಳ್ಳು, ಶೇಂಗಾ, ಸೀಬೆಹಣ್ಣಿನ ಬೀಜ, ಮಂಡಕ್ಕಿ, ಒಣ ಅವಲಕ್ಕಿ, ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿ, ಉಪ್ಪಿನಕಾಯಿಗಳಿಂದಲೂ ದೂರವಿರಿ. ಕುದಿಯುವ ಕಾಫಿ, ಚಹಾ ಮೊದಲ ದಿನ ಬೇಡ. ಎರಡನೇ ದಿನ ಆರಿಸಿ ಕುಡಿಯಿರಿ.

ಸಕ್ಕರೆ ಕಾಯಿಲೆಯವರು ಇನ್ನೊಂದು ವಿಷಯ ಗಮನಿಸಬೇಕು. ಎಂದಿನಷ್ಟು ಊಟ ಸೇರದಿರುವಾಗ ಎಂದಿನಷ್ಟೇ ಮಾತ್ರೆ, ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಕುಸಿಯಬಹುದು. ಬರಿಯ ಗಂಜಿ ಕುಡಿದರೆ ಒಮ್ಮೆಗೇ ಏರಬಹುದು. ಆ ದಿನಗಳ ಪ್ರಮಾಣವನ್ನು ನಿಮ್ಮ ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಿ, ದಿನಕ್ಕೆರಡು ಸಲ ಪರೀಕ್ಷಿಸಿ.

ಹಂತ 6: ಎರಡನೇ ದಿನದಿಂದ ಶುಚಿ

24 ಗಂಟೆ ಕಳೆದ ಮೇಲೆ ಉಪ್ಪುನೀರು ಆರಂಭಿಸಿ. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು. ಬಾಯಿಗೆ ತೆಗೆದುಕೊಂಡು ಗಳಗಳ ಮುಕ್ಕಳಿಸುವುದಲ್ಲ. ತಲೆಯನ್ನು ಆ ಕಡೆ ಈ ಕಡೆ ಓಲಿಸಿ, ನೀರನ್ನು ಅದರ ಪಾಡಿಗೆ ಹರಿಯಲು ಬಿಟ್ಟು, ಬೇಸಿನ್ನಿಗೆ ಬಗ್ಗಿ ಬಾಯಿ ತೆರೆದು ಬೀಳಿಸಿ. ಪ್ರತಿ ಊಟದ ನಂತರ ಮತ್ತು ಮಲಗುವ ಮುನ್ನ, ಒಂದು ವಾರ.

ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಿ, ಗಾಯದ ಹತ್ತಿರ ಬ್ರಷ್ ಒಯ್ಯಬೇಡಿ. ನೋವಿಗೆ ಹೆದರಿ ಐದು ದಿನ ಹಲ್ಲುಜ್ಜದೆ ಇರುವವರಿದ್ದಾರೆ. ಕೊಳೆಯಾದ ಬಾಯಿಯಲ್ಲಿ ಗಾಯಕ್ಕೆ ಸೋಂಕು ತಗಲುವುದು ಸುಲಭ. ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಾಣುನಾಶಕ ಮೌತ್‌ವಾಶ್ ಬರೆದಿದ್ದರೆ ಪೇಸ್ಟಿನಲ್ಲಿ ಉಜ್ಜಿದ ಅರ್ಧ ಗಂಟೆಯ ನಂತರ ಬಳಸಿ, ಇಲ್ಲದಿದ್ದರೆ ಅದರ ಗುಣ ಕುಗ್ಗುತ್ತದೆ. ಹಲವು ದಿನ ಬಳಸಿದರೆ ಹಲ್ಲು ಕಂದಾಗಬಹುದು, ರುಚಿ ಕೆಡಬಹುದು. ನಿಲ್ಲಿಸಿದರೆ ರುಚಿ ಮರಳುತ್ತದೆ, ಕಲೆಯನ್ನು ವೈದ್ಯರು ಶುಚಿಗೊಳಿಸುತ್ತಾರೆ.

ಗುಳಿಗೆ ಅರಿಸಿನ ತುಂಬಬೇಡಿ. ಲವಂಗದ ಎಣ್ಣೆ ಸುರಿಯಬೇಡಿ. ಶುದ್ಧ ಲವಂಗದ ಎಣ್ಣೆ ಹಸಿ ಗಾಯವನ್ನು ಸುಡುತ್ತದೆ. ವಸಡಿನ ಮೇಲೆ ಮಾತ್ರೆ ಪುಡಿ ಮಾಡಿ ಒತ್ತುವುದೂ ಹಾಗೆಯೇ.

ಗುಳಿಯೊಳಗೆ ಬಿಳಿ ಅಥವಾ ಹಳದಿ ಮಿಶ್ರಿತ ಪೊರೆ ಕಾಣಿಸಿದರೆ ಕೀವು ಎಂದು ಕೆರೆಯಬೇಡಿ. ಅದು ಮಾಯುತ್ತಿರುವ ಗಾಯದ ಪೊರೆ.

ಹಂತ 7: ಮೂರರಿಂದ ಐದನೇ ದಿನ, ಎಚ್ಚರದ ದಿನಗಳು

ಊತ ಎರಡು ಮೂರನೇ ದಿನ ತನ್ನ ತುದಿ ಮುಟ್ಟುತ್ತದೆ. ಕನ್ನಡಿಯಲ್ಲಿ ಮುಖ ನೋಡಿ ಗಾಬರಿಯಾಗಬೇಡಿ. ಅಲ್ಲಿಂದ ಇಳಿಯತೊಡಗಬೇಕು. ಕೆನ್ನೆ, ಕತ್ತಿನ ಮೇಲೆ ನೀಲಿ ಹಳದಿ ಕಂದು ಕಂಡರೆ ಅದು ಒಂದು ವಾರ ಹತ್ತು ದಿನದಲ್ಲಿ ಕರಗುತ್ತದೆ.

ನೋವೂ ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುತ್ತಿದ್ದ ನೋವು ಎರಡರಿಂದ ನಾಲ್ಕನೇ ದಿನದೊಳಗೆ ತಿರುಗಿ ಏರಿದರೆ, ಕಿವಿ, ಕಪೋಲ, ಕಣ್ಣಿನವರೆಗೆ ಎಳೆದರೆ, ಮಾತ್ರೆಗೂ ಜಗ್ಗದಿದ್ದರೆ, ಬಾಯಿ ದುರ್ವಾಸನೆ ಬಂದರೆ ಅದು ಡ್ರೈ ಸಾಕೆಟ್, ಅಂದರೆ ಹೆಪ್ಪು ಕಳಚಿ ಬರಿದಾದ ಗುಳಿ ಇರಬಹುದು. ಒಳಗಿನ ಮೂಳೆ ಗಾಳಿಗೆ, ಎಂಜಲಿಗೆ ತೆರೆದುಕೊಂಡಿರುತ್ತದೆ. ಕೆಳದವಡೆಯಲ್ಲಿ, ಧೂಮಪಾನಿಗಳಲ್ಲಿ, ಮೂಳೆ ಕೊರೆದು ಕಷ್ಟಪಟ್ಟು ತೆಗೆದ ಹಲ್ಲಿನಲ್ಲಿ ಇದು ಹೆಚ್ಚು. ಎಲ್ಲ ಎಚ್ಚರ ವಹಿಸಿದವರಿಗೂ ಕೆಲವೊಮ್ಮೆ ಆಗುತ್ತದೆ. ಹಾಗಾದರೆ ನಿಮ್ಮ ತಪ್ಪೆಂದು ಕೊರಗಬೇಡಿ, ವೈದ್ಯರ ತಪ್ಪೆಂದು ದೂರಲೂ ಬೇಡಿ.

ಮನೆಯಲ್ಲಿ ಇದಕ್ಕೆ ಪರಿಹಾರವಿಲ್ಲ, ಆ್ಯಂಟಿಬಯೋಟಿಕ್ ಬದಲಿಸಿದರೂ ಹೋಗದು. ಆದರೆ ವೈದ್ಯರ ಬಳಿ ಪರಿಹಾರ ಸರಳ: ಗುಳಿಯನ್ನು ತೊಳೆದು ನೋವು ಶಮನಗೊಳಿಸುವ ಔಷಧ ಸವರಿದ ಬಟ್ಟೆಪಟ್ಟಿ ತುಂಬುತ್ತಾರೆ. ಬಹುತೇಕರಿಗೆ ಅಂದೇ ನೋವು ಗಣನೀಯವಾಗಿ ಇಳಿಯುತ್ತದೆ. ಎರಡು ಮೂರು ಸಲ ಪಟ್ಟಿ ಬದಲಿಸಬೇಕಾಗಬಹುದು. ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳಿ: ನಾಳೆ ನೋಡೋಣ ಎಂದು ರಾತ್ರಿಗಳನ್ನು ಕಳೆಯಬೇಡಿ. ನಾನು ಮೂರು ರಾತ್ರಿ ಹಾಗೆ ಕಳೆದೆ, ಹೋದ ದಿನ ಕುರ್ಚಿಯಿಂದ ಏಳುವಷ್ಟರಲ್ಲಿ ಅರ್ಧ ನೋವು ಇರಲಿಲ್ಲ.

ಹಂತ 8: ಬಿಗಿದ ದವಡೆ

ದವಡೆಯ ಸ್ನಾಯುಗಳು ಬಿಗಿದು ಒಂದು ವಾರ ಬಾಯಿ ಪೂರ್ತಿ ತೆರೆಯದಿರುವುದು ಸಾಮಾನ್ಯ. ಮೂರು ನಾಲ್ಕನೇ ದಿನದಿಂದ ಬೆಚ್ಚನೆಯ ಶಾಖ ಕೊಟ್ಟು, ದಿನಕ್ಕೆ ನಾಲ್ಕೈದು ಸಲ, ನೋವಾಗುವ ಗಡಿಯವರೆಗೆ ಮಾತ್ರ ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟರೆ ಹಿಡಿಸುವಷ್ಟು ತೆರೆಯುವುದು ಗುರಿ. ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚುತ್ತಿದ್ದರೆ ಸಾಕು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರಿಗೆ ಕೆನ್ನೆಯ ಒಳಪದರವೇ ಗಡುಸಾಗಿ ಬಾಯಿ ಮೊದಲೇ ಚಿಕ್ಕದಾಗಿರಬಹುದು. ಅಂಥವರು ಅದನ್ನು ಪ್ರತ್ಯೇಕವಾಗಿ ತೋರಿಸಿಕೊಳ್ಳಬೇಕು.

ಕರಗುವ ದಾರದ ಹೊಲಿಗೆ ತಾನಾಗಿ ಉದುರುತ್ತದೆ. ಕಪ್ಪು ರೇಷ್ಮೆ ದಾರವಾದರೆ ಸುಮಾರು ಏಳನೇ ದಿನ ತೆಗೆಸಬೇಕು. ಯಾವುದು ಹಾಕಿದ್ದಾರೆಂದು ಹೊರಡುವಾಗಲೇ ಕೇಳಿ.

ಹಂತ 9: ಕಾಯದೆ ಹೋಗಬೇಕಾದ ಸಂದರ್ಭಗಳು

ಈ ಪಟ್ಟಿಯನ್ನು ಮನೆಯವರಿಗೂ ಓದಿಸಿ.

- ಅರ್ಧರ್ಧ ಗಂಟೆ ಎರಡು ಸಲ ಒತ್ತಿ ಹಿಡಿದರೂ ನಿಲ್ಲದ ರಕ್ತ.
- ಮೂರನೇ ದಿನದ ನಂತರವೂ ಏರುತ್ತಿರುವ ಊತ, ಕೀವು, 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ.
- ತುಟಿ, ಗದ್ದ ಅಥವಾ ನಾಲಿಗೆ ಮರುದಿನವೂ ಮರಗಟ್ಟಿಯೇ ಇರುವುದು. ಕೆಳದವಡೆಯ ಬುದ್ಧಿ ಹಲ್ಲಿನ ಪಕ್ಕದಲ್ಲೇ ನರಗಳು ಹಾದುಹೋಗುತ್ತವೆ. ಹೆಚ್ಚಿನವು ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತವೆ, ಆದರೆ ವೈದ್ಯರಿಗೆ ಬೇಗ ತಿಳಿಯಬೇಕು.
- ಮಾತ್ರೆ ನುಂಗಿದ ಮೇಲೆ ಮೈಮೇಲೆ ದದ್ದು, ತುಟಿ ಕಣ್ಣು ಊದಿಕೊಳ್ಳುವುದು, ಕಪ್ಪು ಮಲ.
- ನುಂಗಲು, ಉಸಿರಾಡಲು ಕಷ್ಟವಾಗುವುದು, ನಾಲಿಗೆಯ ಕೆಳಗೆ ಅಥವಾ ಕತ್ತಿನಲ್ಲಿ ಗಟ್ಟಿಯಾದ ಊತ. ಇಲ್ಲಿ ದಂತವೈದ್ಯರ ಫೋನಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸೋಂಕು ಕತ್ತಿಗೆ ಇಳಿದರೆ ಉಸಿರಿನ ದಾರಿ ಮುಚ್ಚುತ್ತದೆ.

ಹತ್ತು ದಿನದ ನಂತರ

ವಸಡು ಕೂಡಿಕೊಳ್ಳಲು ಮೂರು ನಾಲ್ಕು ವಾರ ಬೇಕು, ಒಳಗೆ ಮೂಳೆ ತುಂಬಲು ತಿಂಗಳುಗಳು. ಅಷ್ಟರವರೆಗೆ ಗುಳಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತಲೇ ಇರುತ್ತದೆ. ಹಲ್ಲುಕಡ್ಡಿ, ಸೂಜಿ, ಉಗುರು ಹಾಕಿ ತೆಗೆಯಬೇಡಿ. ಒಂದು ವಾರ ಕಳೆದ ಮೇಲೆ, ವೈದ್ಯರು ಒಪ್ಪಿದರೆ, ತುದಿ ಬಾಗಿದ ಸೂಜಿಯಿಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚನೆಯ ಉಪ್ಪುನೀರು ತುಂಬಿ ಮೆಲ್ಲಗೆ ಹಾಯಿಸಿದರೆ ಹೊರಬರುತ್ತದೆ. ಕೆಲವು ವಾರಗಳ ನಂತರ ವಸಡಿನಿಂದ ಅಕ್ಕಿನುಚ್ಚಿನಷ್ಟು ಗಟ್ಟಿ ಚೂರು ಹೊರಗೆ ಚುಚ್ಚಿದರೆ ಹಲ್ಲು ಉಳಿದುಬಿಟ್ಟಿದೆ ಎಂದು ಹೆದರಬೇಡಿ. ಸಾಮಾನ್ಯವಾಗಿ ಅದು ಮೂಳೆಯ ಅಂಚಿನ ಸಣ್ಣ ಚೂರು. ಹೆಚ್ಚಿನ ಸಲ ತಾನೇ ಉದುರುತ್ತದೆ, ಉದುರದೆ ನೋಯಿಸಿದರೆ ವೈದ್ಯರು ಎರಡು ನಿಮಿಷದಲ್ಲಿ ತೆಗೆಯುತ್ತಾರೆ.